ಐವತ್ತು ಸಾವಿರದ ಗೆರೆ

ಮಂಜು ಸರಿದ ಬೆಳಗಿನಲ್ಲಿ ಕೆಮ್ಮಣ್ಣುಗುಂಡಿಯ ತೋಟದ ಅಂಚಿಗೆ ಬಂದು ನಿಂತರೆ ಕೆಳಗೆ ಬಯಲು ಹರಡಿಕೊಂಡಿರುತ್ತದೆ. ಕೆರೆಗಳು, ಅಡಿಕೆ ತೋಟಗಳ ಕಪ್ಪು ಹಸಿರು, ನಡುನಡುವೆ ಬೆಳ್ಳಗೆ ಕಾಣುವ ಊರುಗಳು. ಯಾವುದು ತರೀಕೆರೆ, ಯಾವುದು ಲಿಂಗದಹಳ್ಳಿ ಎಂದು ಅಲ್ಲೇ ನಿಂತಿದ್ದವರನ್ನು ಕೇಳಿದೆ. ಇಬ್ಬರು ಎರಡು ದಿಕ್ಕಿಗೆ ಕೈ ತೋರಿಸಿದರು. 1,434 ಮೀಟರ್ ಎತ್ತರದಿಂದ ನೋಡಿದರೆ ಹಳ್ಳಿಗೂ ಪಟ್ಟಣಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಕಾನೂನು ಮಾತ್ರ ಆ ವ್ಯತ್ಯಾಸವನ್ನು ಅಂಕಿಗಳಲ್ಲಿ ಬರೆದಿಟ್ಟಿದೆ. ಆ ಅಂಕಿಗಳು ಒಂದು ಊರಿನ ಕಚೇರಿಯಲ್ಲಿ ಹೇಗೆ ಕಾಣುತ್ತವೆ, ಪಟ್ಟಣವೊಂದು ನಗರ ಅನ್ನಿಸಿಕೊಳ್ಳಬೇಕಾದರೆ ಕಾಗದ ಎಲ್ಲಿಂದ ಎಲ್ಲಿಗೆ ಹೋಗಬೇಕು ಎಂದು ನೋಡುವ ಕುತೂಹಲದಿಂದ ಹೊರಟ ತಿರುಗಾಟ ಇದು. ಬೆಟ್ಟ ಇಳಿದು ಬುಡದ ಸೀಮೆಯ ಒಂದು ಪುರಸಭೆಯನ್ನು ಹೊಕ್ಕು ಬಂದೆ. ಊರಿನ ಹೆಸರು ಹೇಳುವುದಿಲ್ಲ. ಈ ಕಡೆ ಪುರಸಭೆ ಇರುವ ಊರುಗಳು ಮೂರು: ತರೀಕೆರೆ, ಕಡೂರು, ಬೀರೂರು. ಅವುಗಳಲ್ಲಿ ಒಂದು ಎಂದುಕೊಳ್ಳಿ. ಮೂರಕ್ಕೂ ಈ ಮಾತು ಹೆಚ್ಚುಕಡಿಮೆ ಸಲ್ಲುತ್ತದೆ.

ಇಳಿಯುವ ಮುಂಚೆ ಕಾಲಡಿಯ ಮಣ್ಣಿನ ಕಥೆ ಸ್ವಲ್ಪ ಹೇಳಬೇಕು, ಯಾಕೆಂದರೆ ಈ ಮಣ್ಣು ಒಂದು ನಗರವನ್ನೇ ಕಟ್ಟಿದೆ. ಇಲ್ಲಿನ ಕಬ್ಬಿಣದ ಅದಿರನ್ನು ನಂಬಿಕೊಂಡು ಮೈಸೂರು ಸಂಸ್ಥಾನ 1918ರಲ್ಲಿ ಭದ್ರಾ ದಂಡೆಯ ಮೇಲೆ ಕಾರ್ಖಾನೆಗೆ ಕೈಹಾಕಿತು. 1923ರಲ್ಲಿ ಉತ್ಪಾದನೆ ಶುರುವಾಯಿತು. ಅದಿರು ರೋಪ್‌ವೇ ತೊಟ್ಟಿಲುಗಳಲ್ಲಿ ತೂಗುತ್ತ ತಣಿಗೆಬೈಲಿಗೆ ಇಳಿಯುತ್ತಿತ್ತು, ಅಲ್ಲಿಂದ ಕಾಡಿನ ನಡುವಿನ ಟ್ರಾಮ್ ಹಳಿಯ ಮೇಲೆ ಭದ್ರಾವತಿ ಸೇರುತ್ತಿತ್ತು. ಕಾರ್ಖಾನೆಯ ಹಿಂದೆ ಕೂಲಿಕಾರರು ಬಂದರು, ಕ್ವಾರ್ಟರ್ಸ್ ಬಂದವು, ಕಾಗದದ ಮಿಲ್ಲು ಬಂತು. ಬೆಂಕಿಪುರ ಎಂಬ ಹಳೆಯ ಊರು ಭದ್ರಾವತಿಯಾಗಿ ಇಂದು ನಗರಸಭೆ. 2001ರಲ್ಲಿ ಅಲ್ಲಿನ ಜನಸಂಖ್ಯೆ 1,60,662. ಹತ್ತು ವರ್ಷದ ನಂತರ ಎಣಿಸಿದಾಗ 1,51,102. ಕಾರ್ಖಾನೆ ಸೊರಗಿದಂತೆ ಜನವೂ ಕರಗಿದ್ದಾರೆ, ಆದರೂ ನಗರಸಭೆ ನಗರಸಭೆಯೇ. ಮಣ್ಣು ಕೊಟ್ಟ ಈ ಗುಡ್ಡ ಮಾತ್ರ ಇವತ್ತಿಗೂ ಗ್ರಾಮೀಣ ಪ್ರದೇಶ. ರಜೆಯ ದಿನ ಇಲ್ಲಿ ನಿಲ್ಲುವ ಕಾರುಗಳ ಸಾಲು ನೋಡಿದರೆ ಯಾವ ಪೇಟೆಗೂ ಕಡಿಮೆಯಿಲ್ಲ. ಆದರೆ ಶನಿವಾರ ಬಂದು ಭಾನುವಾರ ಹೋಗುವವರು ಜನಗಣತಿಯ ಲೆಕ್ಕಕ್ಕೆ ಬರುವುದಿಲ್ಲ.

ಕಾಫಿ ತೋಟಗಳ ನಡುವೆ ತಿರುವು ಮುರುವು ದಾರಿ. ಕಲ್ಲತ್ತಿಗಿರಿಯ ಹತ್ತಿರ ನೀರಿನ ಸದ್ದು, ಚುರುಮುರಿ ಅಂಗಡಿಗಳು. ಇನ್ನೂ ಇಳಿದರೆ ಲಿಂಗದಹಳ್ಳಿ. ಇಲ್ಲಿ ಬ್ಯಾಂಕಿದೆ, ಆಸ್ಪತ್ರೆಯಿದೆ, ಹೋಟೆಲು, ಮೊಬೈಲ್ ಅಂಗಡಿ, ಗೊಬ್ಬರದ ಅಂಗಡಿ ಎಲ್ಲ ಇವೆ. ಹೊಸಬರು ಬಂದರೆ ಪುಟ್ಟ ಪಟ್ಟಣ ಅನ್ನುತ್ತಾರೆ. ಕಾನೂನಿನ ಕಣ್ಣಿಗೆ ಇದು ಗ್ರಾಮ.

ಹಾಗಾದರೆ ಮೆಟ್ಟಿಲುಗಳು ಎಲ್ಲಿ ಶುರುವಾಗುತ್ತವೆ? 1993ರ ಜೂನ್‌ನಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ದೇಶಕ್ಕೆಲ್ಲ ಮೂರು ಬಗೆಯ ಪೌರಸಂಸ್ಥೆಗಳನ್ನು ಹೇಳಿತು. ಹಳ್ಳಿಯಿಂದ ಪಟ್ಟಣಕ್ಕೆ ಹೊರಳುತ್ತಿರುವ ಜಾಗಕ್ಕೆ ಒಂದು, ಚಿಕ್ಕ ನಗರ ಪ್ರದೇಶಕ್ಕೆ ಒಂದು, ದೊಡ್ಡದಕ್ಕೆ ಒಂದು. 243ಕ್ಯೂ ಎಂಬ ವಿಧಿಯಲ್ಲಿ ಇದಿದೆ. ಎಷ್ಟು ಜನ ಇದ್ದರೆ ಯಾವುದು ಎಂದು ಅಲ್ಲಿ ಹೇಳಿಲ್ಲ, ಅದನ್ನು ರಾಜ್ಯಗಳಿಗೆ ಬಿಟ್ಟಿದೆ. ನಮ್ಮ ರಾಜ್ಯದಲ್ಲಿ ಆ ಅಂಕಿಗಳಿರುವುದು 1964ರ ಪೌರಸಭೆಗಳ ಅಧಿನಿಯಮದಲ್ಲಿ ಮತ್ತು 1976ರ ಮಹಾನಗರ ಪಾಲಿಕೆಗಳ ಅಧಿನಿಯಮದಲ್ಲಿ. ಹತ್ತು ಸಾವಿರದಿಂದ ಇಪ್ಪತ್ತು ಸಾವಿರದವರೆಗೆ ಜನರಿದ್ದರೆ ಪಟ್ಟಣ ಪಂಚಾಯ್ತಿ. ಇಪ್ಪತ್ತರಿಂದ ಐವತ್ತು ಸಾವಿರ ಪುರಸಭೆ. ಐವತ್ತು ಸಾವಿರದಿಂದ ಮೂರು ಲಕ್ಷ ನಗರಸಭೆ. ಅದರಾಚೆ ಮಹಾನಗರ ಪಾಲಿಕೆ. ಲಿಂಗದಹಳ್ಳಿಯಂಥ ಹೋಬಳಿ ಕೇಂದ್ರಗಳು ಮೊದಲ ಮೆಟ್ಟಿಲಿಗೂ ಇನ್ನೂ ಕಾಲಿಟ್ಟಿಲ್ಲ. ಬೆಟ್ಟದ ಆಚೆ ಬಯಲಿನಲ್ಲಿರುವ ಅಜ್ಜಂಪುರ ಇಟ್ಟಿದೆ. ತಾಲ್ಲೂಕು ಕೇಂದ್ರವಾದ ಮೇಲೆ ಅದು ಗ್ರಾಮ ಪಂಚಾಯ್ತಿಯ ಬೋರ್ಡು ತೆಗೆದು ಪಟ್ಟಣ ಪಂಚಾಯ್ತಿಯಾಯಿತು.

ಜನಗಣತಿ ಇಲಾಖೆಯವರು ಇಟ್ಟುಕೊಂಡಿರುವ ಅಳತೆಗೋಲು ಬೇರೆಯೇ. ಐದು ಸಾವಿರ ಜನ, ಚದರ ಕಿಲೋಮೀಟರಿಗೆ ನಾನೂರು ಮಂದಿ, ದುಡಿಯುವ ಗಂಡಸರಲ್ಲಿ ನೂರಕ್ಕೆ ಎಪ್ಪತ್ತೈದು ಮಂದಿ ಬೇಸಾಯದ ಹೊರಗೆ ಇದ್ದರೆ ಅವರ ಪುಸ್ತಕದಲ್ಲಿ ಅದು ಪಟ್ಟಣ. ಅದೇ ಊರಿನಲ್ಲಿ ಬೀದಿದೀಪ ಹಾಕಿಸುವುದು ಗ್ರಾಮ ಪಂಚಾಯ್ತಿಯೇ ಆಗಿರಬಹುದು. ಪತ್ರಿಕೆಗಳಲ್ಲಿ ಈ ಎರಡನ್ನೂ ಕಲಸಿಬಿಡುವುದು ಸಾಮಾನ್ಯ, ಹಾಗಾಗಿ ಹೇಳಿದೆ.

ಲಿಂಗದಹಳ್ಳಿಯಿಂದ ದಾರಿ ಒಡೆಯುತ್ತದೆ. ಒಂದು ತರೀಕೆರೆಗೆ, ಇನ್ನೊಂದು ಬೀರೂರಿನ ಕಡೆಗೆ. ನಾನು ಹಿಡಿದ ದಾರಿಯಲ್ಲಿ ಅಡಿಕೆ, ತೆಂಗು, ಅಲ್ಲಲ್ಲಿ ಶುಂಠಿ. ಪುರಸಭೆಯ ಸ್ವಾಗತ ಕಮಾನು ಬರುವುದಕ್ಕೆ ಮುಂಚೆಯೇ ಊರು ಬಂದುಬಿಟ್ಟಿತ್ತು: ಎರಡು ಲೇಔಟು, ಒಂದು ಕಲ್ಯಾಣ ಮಂಟಪ, ವಾಹನದ ಷೋರೂಮು. ಇವೆಲ್ಲ ಗಡಿಯ ಆಚೆಯವೋ ಈಚೆಯವೋ ನೋಡಿದರೆ ತಿಳಿಯುವಂತಿರಲಿಲ್ಲ. ಒಂದು ಕಡೆ ಡಾಂಬರು ಬದಲಾಗಿ ಸಿಮೆಂಟು ರಸ್ತೆ ಶುರುವಾಗಿತ್ತು. ಅದೇ ಗಡಿಯಿರಬೇಕು ಎಂದುಕೊಂಡು ಇಳಿದೆ.

ರಸ್ತೆ ಪಕ್ಕದ ಕಣದಲ್ಲಿ ಬೇಯಿಸಿದ ಅಡಿಕೆ ಹರವಿ ಕೂತಿದ್ದ ಯಜಮಾನರೊಬ್ಬರನ್ನು ಮಾತಿಗೆಳೆದೆ. ಗಡಿ ಎಲ್ಲಿ ಬರುತ್ತದೆ ಎಂದರೆ, "ಆ ಚರಂಡಿ ಐತಲ್ಲ ಸಾರ್, ಆಚೆ ಪುರಸಭೆ. ಈಚೆ ನಮ್ದು ಪಂಚಾಯ್ತಿ" ಎಂದರು. ನಿಮ್ಮ ಊರನ್ನೂ ಸೇರಿಸಿಕೊಂಡು ನಗರಸಭೆ ಮಾಡುತ್ತಾರಂತೆ ಎಂಬ ಮಾತು ಕೇಳಿದ್ದೀರಾ ಎಂದು ಕೇಳಿದೆ. "ಎಲೆಕ್ಷನ್ ಬಂದಾಗ್ಲೆಲ್ಲ ಕೇಳ್ತೀವಿ" ಎಂದು ನಕ್ಕರು. ಆಮೇಲೆ ಗಂಭೀರವಾಗಿ, "ಆದ್ರೆ ಕಂದಾಯ ಏರುತ್ತೆ. ಮನೆ ಕಟ್ಟಕ್ಕೆ ಲೈಸೆನ್ಸು, ಪ್ಲಾನು ಅಂತ ಓಡಾಡ್ಬೇಕು. ಕೂಲಿಯವ್ರಿಗೆ ಉದ್ಯೋಗ ಖಾತ್ರಿ ಕೆಲ್ಸ ನಿಂತೋಗುತ್ತೆ. ನೀರು ಅಂತೂ ಅದೇ ಬೋರ್‌ವೆಲ್ಲು" ಎಂದರು. ಅವರ ಮೊಮ್ಮಗ, ಕಾಲೇಜು ಹುಡುಗ, ಅಷ್ಟು ಹೊತ್ತೂ ಮೊಬೈಲ್ ನೋಡುತ್ತಿದ್ದವನು ತಲೆಯೆತ್ತಿ, "ಸೈಟಿಗೆ ರೇಟ್ ಬರುತ್ತಲ್ಲ ತಾತ" ಎಂದ. ಯಜಮಾನರು ಅದಕ್ಕೆ ಉತ್ತರ ಕೊಡಲಿಲ್ಲ.

ಯಜಮಾನರ ಭಯಗಳಿಗೆ ಆಧಾರವಿದೆ. ಉದ್ಯೋಗ ಖಾತರಿ ಗ್ರಾಮೀಣ ಕುಟುಂಬಗಳಿಗಷ್ಟೇ ಇರುವ ಹಕ್ಕು, ಊರು ಪೌರಸಂಸ್ಥೆಯ ವ್ಯಾಪ್ತಿಗೆ ಬಂದ ಕೂಡಲೇ ಅದು ಹೋಗುತ್ತದೆ. ಆಸ್ತಿ ತೆರಿಗೆ ಮಾರ್ಗಸೂಚಿ ಬೆಲೆಯ ಮೇಲೆ ಲೆಕ್ಕವಾಗುತ್ತದೆ. ಗ್ರಾಮ ಪಂಚಾಯ್ತಿ ಕೊಟ್ಟ ನಮೂನೆ 9, ನಮೂನೆ 11ರ ಜಾಗಕ್ಕೆ ಪುರಸಭೆಯ ನಮೂನೆ 3 ಬರಬೇಕು. ಈ ಒಂದು ಬದಲಾವಣೆಗೆ ಎಷ್ಟು ಸಲ ಕಚೇರಿ ಮೆಟ್ಟಿಲು ಹತ್ತಬೇಕಾಗುತ್ತದೆ ಎಂಬುದು ಹೀಗೆ ಸೇರ್ಪಡೆಯಾದ ಯಾವ ಊರಿನವರನ್ನು ಕೇಳಿದರೂ ಗೊತ್ತಾಗುತ್ತದೆ.

ಚರಂಡಿ ದಾಟಿ ಪೇಟೆಗೆ ಬಂದೆ. ಬಸ್ ನಿಲ್ದಾಣ, ಅದರೆದುರು ಬೇಕರಿ, ಹಳೆಯ ಹೆಂಚಿನ ಮಂಡಿಗಳು, ನಡುವೆ ಗಾಜಿನ ಮುಖದ ಒಂದು ಮಳಿಗೆ. ವಿಶೇಷವೇನಿಲ್ಲ, ನಮ್ಮ ಎಲ್ಲ ತಾಲ್ಲೂಕು ಪಟ್ಟಣಗಳೂ ಹೀಗೇ. ಪುರಸಭೆ ಎಲ್ಲಿ ಎಂದು ಕೇಳಿದ್ದಕ್ಕೆ ಆಟೋದವರು "ನೀರ್ ಟ್ಯಾಂಕ್ ಹಿಂದ್ಗಡೆ" ಎಂದರು. ಎರಡು ಮಹಡಿಯ ಕಟ್ಟಡ, ಮುಂದೆ ಕಸದ ಆಟೋಗಳ ಸಾಲು. ಗೇಟಿನ ಒಳಗೆ ಎಡಕ್ಕೆ ಸೂಚನಾ ಫಲಕ. ಅದರ ಮೇಲೆ ಟೆಂಡರು ಪ್ರಕಟಣೆಗಳು ಒಂದರ ಮೇಲೊಂದು ಅಂಟಿಕೊಂಡಿದ್ದವು. ಅಡಿಯಲ್ಲಿದ್ದ ಒಂದು ಹಳದಿ ಕಾಗದದಲ್ಲಿ "ಆಕ್ಷೇಪಣೆ" ಎಂಬ ಮಾತಷ್ಟೇ ಓದಲು ಬಂತು, ಯಾವ ವಿಷಯದ್ದೋ ಗೊತ್ತಾಗಲಿಲ್ಲ.

ಬಾಗಿಲ ಪಕ್ಕದ ಗೋಡೆಯಲ್ಲಿ ಊರಿನ ಜಾತಕ ಬರೆದಿತ್ತು. ವಿಸ್ತೀರ್ಣ, ವಾರ್ಡುಗಳು 23, ಮನೆಗಳ ಸಂಖ್ಯೆ, ಬೀದಿದೀಪ, ಓವರ್‌ಹೆಡ್ ಟ್ಯಾಂಕು. ಜನಸಂಖ್ಯೆಯ ಮುಂದೆ ಆವರಣದಲ್ಲಿ "2011ರ ಜನಗಣತಿಯಂತೆ" ಎಂದಿತ್ತು. ಇಲ್ಲಿ ಸ್ವಲ್ಪ ನಿಂತೆ. ಆ ಅಂಕಿಯನ್ನು ಬದಲಿಸದೆ ಬಿಟ್ಟಿರುವುದಕ್ಕೆ ಬಣ್ಣ ಬಳಿಯುವವರ ಸೋಮಾರಿತನ ಕಾರಣವಲ್ಲ. ಸಂವಿಧಾನದ ಪ್ರಕಾರ ಪೌರಸಂಸ್ಥೆಗಳ ವಿಷಯದಲ್ಲಿ ಜನಸಂಖ್ಯೆ ಎಂದರೆ ಅಂಕಿಅಂಶ ಪ್ರಕಟವಾಗಿರುವ ಕೊನೆಯ ಜನಗಣತಿಯ ಸಂಖ್ಯೆ, ಬೇರೆ ಯಾವುದೂ ಅಲ್ಲ. ಪಡಿತರ ಚೀಟಿ ಎಣಿಸಿ, ಮತದಾರರ ಪಟ್ಟಿ ಎಣಿಸಿ, ನಲ್ಲಿ ಸಂಪರ್ಕ ಎಣಿಸಿ ನಮ್ಮೂರಲ್ಲಿ ಈಗ ಇಷ್ಟು ಜನ ಇದ್ದಾರೆ ಎಂದು ತೋರಿಸಬಹುದು, ಆದರೆ ಅದು ಕಾನೂನಿನ ಜನಸಂಖ್ಯೆ ಆಗುವುದಿಲ್ಲ. 2021ರಲ್ಲಿ ಆಗಬೇಕಿದ್ದ ಗಣತಿ ಆಗಲಿಲ್ಲ, ಮುಂದಿನದಕ್ಕೆ 2027ರ ಮಾರ್ಚ್ ಗೊತ್ತಾಗಿದೆ. ಅಲ್ಲಿಯವರೆಗೆ 2011ರಲ್ಲಿ ಮೂವತ್ತೈದು ಸಾವಿರದ ಆಸುಪಾಸಿನಲ್ಲಿದ್ದ ತರೀಕೆರೆ, ಕಡೂರುಗಳು ಕಾಗದದ ಮೇಲೆ ಅಷ್ಟರಲ್ಲೇ ಇರುತ್ತವೆ. ಆ ವರ್ಷ ಎಣಿಕೆ ಮುಗಿದ ಮೇಲೆ ಹುಟ್ಟಿದ ಮಕ್ಕಳು ಹೈಸ್ಕೂಲಿಗೆ ಬಂದರೂ ಲೆಕ್ಕಕ್ಕೆ ಬಂದಿಲ್ಲ.

ಒಳಗೆ ಮೊದಲು ಸಿಗುವುದು ಕಂದಾಯ ಶಾಖೆ. ಎರಡು ಕೌಂಟರು, ಒಂದರ ಮುಂದೆ ಸಾಲು. ಏಪ್ರಿಲ್‌ನಲ್ಲಿ ಕಟ್ಟಿದವರಿಗೆ ನೂರಕ್ಕೆ ಐದು ರಿಯಾಯಿತಿ ಎಂಬ ಚೀಟಿ ಗಾಜಿಗೆ ಅಂಟಿಸಿತ್ತು. ಹೆಂಗಸೊಬ್ಬರು ತಮ್ಮ ಖಾತೆಯಲ್ಲಿ ಗಂಡನ ಹೆಸರು ತಪ್ಪಾಗಿದೆ ಎಂದು ಹೇಳುತ್ತಿದ್ದರು, ಗುಮಾಸ್ತರು ತಾಳ್ಮೆಯಿಂದಲೇ ಅರ್ಜಿ ಹೇಗೆ ಕೊಡಬೇಕೆಂದು ವಿವರಿಸುತ್ತಿದ್ದರು. ನನಗೆ ಬೇಕಿದ್ದದ್ದು ಇನ್ನೊಂದು ಅಂಕಿ. ಊರು ಚಿಕ್ಕ ನಗರ ಪ್ರದೇಶ ಅನ್ನಿಸಿಕೊಳ್ಳಲು ಜನಸಂಖ್ಯೆಯೊಂದೇ ಸಾಲದು, ಸ್ಥಳೀಯ ಆಡಳಿತಕ್ಕೆ ಬರುವ ಆದಾಯವನ್ನೂ ನೋಡುತ್ತಾರೆ. ವರ್ಷಕ್ಕೆ ಒಂಬತ್ತು ಲಕ್ಷ ರೂಪಾಯಿ ಅಥವಾ ತಲೆಗೆ 45 ರೂಪಾಯಿ, ಯಾವುದು ಹೆಚ್ಚೋ ಅದು. ಐವತ್ತು ಸಾವಿರ ಜನಕ್ಕೆ ಇದು ಇಪ್ಪತ್ತೆರಡೂವರೆ ಲಕ್ಷ ಆಯಿತು. ಅಲ್ಲೇ ಇದ್ದ ಹಿರಿಯ ನೌಕರರೊಬ್ಬರಿಗೆ ಇದನ್ನು ಹೇಳಿದಾಗ, "ಅಷ್ಟು ದುಡ್ಡಿಗೆ ಈಗ ಒಂದು ಚರಂಡಿ ಆಗಲ್ಲ ಬಿಡಿ" ಎಂದರು. ತಲೆಗೆ 45 ರೂಪಾಯಿಯ ಪರೀಕ್ಷೆಯಲ್ಲಿ ಇಂದು ನಪಾಸಾಗುವ ಊರು ಯಾವುದೂ ಇರಲಾರದು. ಪಾಲಿಕೆಗೆ ತಲೆಗೆ 200 ರೂಪಾಯಿ ಅಥವಾ ಆರು ಕೋಟಿ ಎಂದಿದೆ, ಅದೂ ಹಾಗೆಯೇ.

ನಿಜವಾದ ಗಂಟು ಬಿಗಿಯಾಗುವುದು ಮಹಡಿ ಮೇಲೆ, ನಕ್ಷೆಯ ಮುಂದೆ. ಇಂಜಿನಿಯರ್ ಶಾಖೆಯ ಗೋಡೆ ತುಂಬ ಊರಿನ ನಕ್ಷೆ, ಸರ್ವೆ ನಂಬರುಗಳ ಸಮೇತ. ಕೆಂಪು ಗೆರೆ ಈಗಿನ ಗಡಿ. ಅದರ ಸುತ್ತ ಯಾರೋ ಪೆನ್ಸಿಲ್ಲಿನಲ್ಲಿ ಇನ್ನೊಂದು ಗೆರೆ ಎಳೆದಿದ್ದರು, ಒಂದೆರಡು ಕಡೆ ಅಳಿಸಿ ಮತ್ತೆ ಎಳೆದ ಗುರುತಿತ್ತು. ಇದು ಪ್ರಸ್ತಾವನೆಯ ಗೆರೆಯೋ, ಕುಡಿಯುವ ನೀರಿನ ಪೈಪಿನ ಗೆರೆಯೋ ಎಂದು ಕೇಳಿದರೆ ಅಲ್ಲಿದ್ದ ಹುಡುಗರಿಗೆ ತಿಳಿದಿರಲಿಲ್ಲ. ಗಡಿ ವಿಸ್ತರಣೆಯದೇ ಎಂದು ನನಗನ್ನಿಸಿತು, ಖಚಿತವಾಗಿ ಹೇಳಲಾರೆ.

ಅದೇನೇ ಇರಲಿ, ಐವತ್ತು ಸಾವಿರ ಮುಟ್ಟದ ಪಟ್ಟಣಕ್ಕೆ ಇರುವ ದಾರಿ ಅದೊಂದೇ, ಪಕ್ಕದ ಹಳ್ಳಿಗಳನ್ನು ಸೇರಿಸಿಕೊಳ್ಳುವುದು. ಕೇಳಲು ಸುಲಭ. ಆದರೆ ಜನಸಂಖ್ಯೆ, ಆದಾಯಗಳ ಜೊತೆ ಕಾನೂನು ಇನ್ನೆರಡು ಷರತ್ತು ಹಾಕಿದೆ. ಜನಸಾಂದ್ರತೆ ಚದರ ಕಿಲೋಮೀಟರಿಗೆ 1,500ಕ್ಕೆ ಕಡಿಮೆ ಇರಬಾರದು. ದುಡಿಯುವವರಲ್ಲಿ ಅರ್ಧದಷ್ಟಾದರೂ ಬೇಸಾಯವಲ್ಲದ ಕೆಲಸದಲ್ಲಿರಬೇಕು. ಈಗ ಒಂದು ಕಾಲ್ಪನಿಕ ಲೆಕ್ಕ ಹಾಕಿ ನೋಡಿ. ಹತ್ತು ಚದರ ಕಿಲೋಮೀಟರಿನಲ್ಲಿ ಮೂವತ್ತೈದು ಸಾವಿರ ಜನರಿರುವ ಪಟ್ಟಣ, ಸಾಂದ್ರತೆ 3,500. ಕೊರತೆ ಬೀಳುವ ಹದಿನೈದು ಸಾವಿರ ಜನರಿಗಾಗಿ ಸುತ್ತಲ ಹಳ್ಳಿಗಳನ್ನು ಸೇರಿಸಿದಿರಿ. ಹಳ್ಳಿಯ ಜೊತೆ ಅದರ ಗದ್ದೆ, ತೋಟ, ಗೋಮಾಳ, ಕೆರೆ ಎಲ್ಲವೂ ಬರುತ್ತವೆ, ನಲವತ್ತು ಚದರ ಕಿಲೋಮೀಟರು ಎನ್ನೋಣ. ಒಟ್ಟು ಐವತ್ತು ಸಾವಿರ ಜನ, ಐವತ್ತು ಚದರ ಕಿಲೋಮೀಟರು. ಸಾಂದ್ರತೆ ಒಂದು ಸಾವಿರಕ್ಕೆ ಬಿತ್ತು. ಜನಸಂಖ್ಯೆಯಲ್ಲಿ ಪಾಸು, ಸಾಂದ್ರತೆಯಲ್ಲಿ ಫೇಲು. 1,500 ಉಳಿಯಬೇಕಾದರೆ ಒಟ್ಟು ವಿಸ್ತೀರ್ಣ ಮೂವತ್ತಮೂರು ಚದರ ಕಿಲೋಮೀಟರು ದಾಟುವಂತಿಲ್ಲ. ಸೇರಿದ ಹಳ್ಳಿಯವರು ಹೆಚ್ಚಿನವರು ಬೇಸಾಯದವರಾದ್ದರಿಂದ ನಾಲ್ಕನೆಯ ಷರತ್ತೂ ಅಲುಗಾಡತೊಡಗುತ್ತದೆ. ಗಿಡ್ಡ ಹೊದಿಕೆಯನ್ನು ತಲೆಗೆಳೆದರೆ ಕಾಲು ಹೊರಬಂದಂತೆ.

ನನ್ನ ಮಟ್ಟಿಗೆ ಈ ಸಾಂದ್ರತೆಯ ಷರತ್ತು ಇಡೀ ಕಾನೂನಿನಲ್ಲೇ ವಿವೇಕದ್ದು. ಬೆರಳೆಣಿಕೆಯಷ್ಟು ಮನೆಗಳಿಗಾಗಿ ಐದಾರು ಕಿಲೋಮೀಟರು ಪೈಪು, ಚರಂಡಿ, ದೀಪ ಒಯ್ಯುವ ಪುರಸಭೆ ಎಲ್ಲಿಯೂ ನೀರು ಸರಿಯಾಗಿ ಕೊಡಲಾರದು. ಮಲೆನಾಡಿನ ಮಗ್ಗುಲಲ್ಲಿ ಮನೆಗಳು ತೋಟಕ್ಕೊಂದರಂತೆ ಹರಡಿಕೊಂಡಿರುತ್ತವೆ, ಅಲ್ಲಿ ಇದು ಇನ್ನೂ ನಿಜ. ಆದರೆ ಸಂವಿಧಾನದ ವಿಧಿಯಲ್ಲೇ "ಆರ್ಥಿಕ ಮಹತ್ವ" ಮತ್ತು "ಸೂಕ್ತವೆಂದು ಭಾವಿಸುವ ಇತರ ಅಂಶಗಳು" ಎಂಬ ಎರಡು ಮಾತುಗಳೂ ಇವೆ. ರಬ್ಬರಿನಂಥವು. ಸರ್ಕಾರಕ್ಕೆ ಮನಸ್ಸಿದ್ದರೆ ಎಷ್ಟು ಬೇಕಾದರೂ ಹಿಗ್ಗುತ್ತವೆ. 2013ರಲ್ಲಿ ಶಿವಮೊಗ್ಗ, ತುಮಕೂರು, ವಿಜಯಪುರ ಪಾಲಿಕೆಗಳಾದಾಗ ಮೂರಕ್ಕೂ 2011ರ ಎಣಿಕೆಯಲ್ಲೇ ಮೂರು ಲಕ್ಷ ದಾಟಿತ್ತು. ತುಮಕೂರು ದಾಟಿದ್ದು ಕೂದಲೆಳೆಯಲ್ಲಿ, 3,02,143. ಇತ್ತೀಚೆಗೆ ಬೀದರ್, ರಾಯಚೂರು, ಹಾಸನಗಳ ಸರದಿ ಬಂದಾಗ ಆ ಗಣತಿಯಲ್ಲಿ ಯಾವ ಊರೂ ತನ್ನಷ್ಟಕ್ಕೆ ಮೂರು ಲಕ್ಷ ಇರಲಿಲ್ಲ. ಜಿಲ್ಲಾ ಕೇಂದ್ರ ಎಂಬ ತೂಕ ಅವಕ್ಕಿತ್ತು. ನಮ್ಮ ಜಿಲ್ಲೆಯಲ್ಲಿ ನಗರಸಭೆ ಇರುವುದು ಚಿಕ್ಕಮಗಳೂರಿನಲ್ಲಿ ಮಾತ್ರ, 2011ರಲ್ಲಿ ಅದರ ಜನ 1,18,401. ತಾಲ್ಲೂಕು ಪಟ್ಟಣಗಳಿಗೆ ಅಂಥ ತೂಕ ಎಲ್ಲಿಂದ ಬರಬೇಕು?

ನಕ್ಷೆಯ ಕೋಣೆಯ ಎದುರಿಗೇ ಸಭಾಂಗಣ. ಬೀಗ ಹಾಕಿತ್ತು, ಕೇಳಿಕೊಂಡ ಮೇಲೆ ತೆಗೆದು ತೋರಿಸಿದರು. ಅರ್ಧಚಂದ್ರಾಕಾರದ ಮೇಜು, ಪ್ರತಿ ಕುರ್ಚಿಯ ಮುಂದೆ ಮೈಕು. ಇಪ್ಪತ್ತಮೂರು ಸದಸ್ಯರಿಗೆ ಇಪ್ಪತ್ತಮೂರು ಜಾಗ. ಗೋಡೆಗೆ ಅಧ್ಯಕ್ಷರ ಹೆಸರಿನ ಫಲಕ, ಕೊನೆಯ ಹೆಸರಿನ ಕೆಳಗೆ ಬಹಳ ಖಾಲಿ. ಊರು ನಗರಸಭೆಯಾದರೆ ಕುರ್ಚಿಗಳು ಮೂವತ್ತೊಂದಾಗುತ್ತವೆ, ಲಕ್ಷ ಜನ ದಾಟಿದರೆ ಮೂವತ್ತೈದು. ಮುಖ್ಯಾಧಿಕಾರಿಯ ಜಾಗಕ್ಕೆ ಪೌರಾಯುಕ್ತರು ಬರುತ್ತಾರೆ, ಸಿಬ್ಬಂದಿ ಹುದ್ದೆಗಳು ಹೆಚ್ಚುತ್ತವೆ, ಅನುದಾನದ ಲೆಕ್ಕ ಬೇರೆಯಾಗುತ್ತದೆ. ಹುದ್ದೆ ಮಂಜೂರಾಗುವುದು ಬೇರೆ, ಭರ್ತಿಯಾಗುವುದು ಬೇರೆ ಎಂದು ಬೀಗ ತೆಗೆದವರೇ ಸೇರಿಸಿದರು.

ಕಾಗದದ ಪ್ರಯಾಣ ಶುರುವಾಗುವುದು ಈ ಕೋಣೆಯಿಂದ. ಸಾಮಾನ್ಯ ಸಭೆಯಲ್ಲಿ ಮೇಲ್ದರ್ಜೆಗೇರಿಸಬೇಕೆಂದು ನಿರ್ಣಯ. ಅದರ ಜೊತೆ ನಾಲ್ಕು ಅಂಕಿಗಳು, ಸೇರಬೇಕಾದ ಸರ್ವೆ ನಂಬರುಗಳ ಪಟ್ಟಿ, ಚೆಕ್ಕುಬಂದಿ, ನಕ್ಷೆ. ಕಡತ ಜಿಲ್ಲಾಧಿಕಾರಿಗಳ ಕಚೇರಿಯ ನಗರಾಭಿವೃದ್ಧಿ ಕೋಶಕ್ಕೆ ಹೋಗುತ್ತದೆ. ಅಲ್ಲಿಂದ ಬೆಂಗಳೂರಿನ ಪೌರಾಡಳಿತ ನಿರ್ದೇಶನಾಲಯ, ಆಮೇಲೆ ನಗರಾಭಿವೃದ್ಧಿ ಇಲಾಖೆ, ಬೇಕಾದರೆ ಸಚಿವ ಸಂಪುಟ. ಪ್ರತಿ ಹಂತದಲ್ಲೂ "ಮಾಹಿತಿ ಅಪೂರ್ಣ" ಎಂದು ವಾಪಸಾಗಬಹುದು. ಎಲ್ಲ ದಾಟಿದರೆ ರಾಜ್ಯಪಾಲರ ಹೆಸರಿನಲ್ಲಿ ಕರಡು ಅಧಿಸೂಚನೆ ರಾಜ್ಯಪತ್ರದಲ್ಲಿ ಬರುತ್ತದೆ. ಆಕ್ಷೇಪಣೆಗಳನ್ನು ನೋಡಿದ ಮೇಲೆ ಅಂತಿಮ ಅಧಿಸೂಚನೆ. ಅಲ್ಲಿಗೂ ಮುಗಿಯುವುದಿಲ್ಲ: ವಾರ್ಡು ವಿಂಗಡಣೆ, ಮೀಸಲಾತಿ, ಚುನಾವಣೆ. ಜನಗಣತಿ ಹತ್ತಿರ ಬಂದರೆ ಊರಿನ ಗಡಿಗಳನ್ನು ಅಲ್ಲಾಡಿಸುವಂತಿಲ್ಲ, ಎಣಿಕೆ ಮುಗಿಯುವವರೆಗೆ ಗೆರೆಗಳು ಇದ್ದಲ್ಲೇ ಇರಬೇಕು.

ಮುಖ್ಯಾಧಿಕಾರಿಗಳು ಸಭೆಗೆ ಹೋಗಿದ್ದರಿಂದ ಬೆಂಚಿನ ಮೇಲೆ ಕೂತು ಕಾದೆ. ಪಕ್ಕದಲ್ಲಿದ್ದವರು ವಿದೇಶದಲ್ಲಿ ಇದೆಲ್ಲ ಹೇಗೆ ಎಂದು ವಿಚಾರಿಸಿದರು. ಬ್ರಿಟನ್ನಿನಲ್ಲಿ ಜನಸಂಖ್ಯೆಯ ಗೆರೆಯೇ ಇಲ್ಲ, ನಗರ ಎಂಬುದು ಅರಮನೆ ಕೊಡುವ ಬಿರುದು. 2022ರಲ್ಲಿ ರಾಣಿಯ ಎಪ್ಪತ್ತು ವರ್ಷದ ಆಳ್ವಿಕೆಯ ನೆನಪಿಗೆ ಮಿಲ್ಟನ್ ಕೀನ್ಸ್, ಕಾಲ್ಚೆಸ್ಟರ್, ಡಾಂಕಾಸ್ಟರ್ ಸೇರಿ ಎಂಟು ಊರುಗಳಿಗೆ ಅದು ಸಿಕ್ಕಿತು. ರೋಚೆಸ್ಟರ್ ಎಂಬ ಹಳೆಯ ನಗರ 1998ರಲ್ಲಿ ಆಡಳಿತ ಮರುವಿಂಗಡಣೆಯಾದಾಗ ಬಿರುದು ಕಾಯುವವರನ್ನು ನೇಮಿಸಲು ಮರೆತು ನಗರ ಪಟ್ಟವನ್ನೇ ಕಳೆದುಕೊಂಡಿತು. ಅದು ಹೋಗಿದೆ ಎಂದು ಗೊತ್ತಾದದ್ದು ನಾಲ್ಕು ವರ್ಷದ ಮೇಲೆ. ನಮ್ಮ ರೀತಿಗೆ ಹತ್ತಿರದ್ದು ಜಪಾನ್. ಅಲ್ಲೂ ಐವತ್ತು ಸಾವಿರ ಜನ ಬೇಕು, ನೂರಕ್ಕೆ ಅರವತ್ತು ಮನೆಗಳು ಊರಿನ ನಡುಭಾಗದಲ್ಲೇ ಇರಬೇಕು. ಕೇಳಿದವರು, "ಮರೆತು ಕಳ್ಕೊಳ್ಳೋದು ಚೆನ್ನಾಗಿದೆ" ಎಂದರು. ಕಡೂರಿನ ಕಥೆಯೂ ನೆನಪಾಯಿತು. 1863ರಲ್ಲಾದ ಜಿಲ್ಲೆಗೆ ಅದರ ಹೆಸರು, ಎರಡೇ ವರ್ಷಕ್ಕೆ ಕೇಂದ್ರ ಚಿಕ್ಕಮಗಳೂರಿಗೆ ಹೋಯಿತು. ಹೆಸರು ಮಾತ್ರ 1947ರವರೆಗೆ ಕಡೂರು ಜಿಲ್ಲೆ ಎಂದೇ ಇತ್ತು.

ಮುಖ್ಯಾಧಿಕಾರಿಗಳು ಬರಲಿಲ್ಲ. ಹೊರಡುವಾಗ ಕೊನೆಗೆ ಸಿಕ್ಕಿದ್ದು ಟಪಾಲು ಶಾಖೆ, ಮೆಟ್ಟಿಲ ಕೆಳಗೆ ಒಂದು ಕಿಟಕಿ. ಒಳಗೆ ಒಬ್ಬರು ಬಂದ ಅರ್ಜಿಗಳಿಗೆ ಸೀಲು ಹೊಡೆದು ನಂಬರು ಬರೆಯುತ್ತಿದ್ದರು. ಸಾಮಾನ್ಯ ಜನರಿಗೆ ಈ ಇಡೀ ಪ್ರಕ್ರಿಯೆಯಲ್ಲಿ ಕೈಯಾಡಿಸಲು ಇರುವ ಅವಕಾಶ ಇಂಥ ಕಿಟಕಿಯೊಂದೇ, ಅದೂ ಕರಡು ಅಧಿಸೂಚನೆಗೂ ಅಂತಿಮ ಅಧಿಸೂಚನೆಗೂ ನಡುವಿನ ಮೂವತ್ತು ದಿನ. ಅದನ್ನು ಬಿಟ್ಟರೆ ನ್ಯಾಯಾಲಯದಲ್ಲೂ ಹೆಚ್ಚು ದಾರಿಯಿಲ್ಲ. ಮಹಾರಾಷ್ಟ್ರದ ಕಲ್ಯಾಣ್ ಪಾಲಿಕೆ ರಚನೆಯ ವಿವಾದದಲ್ಲಿ 1989ರಲ್ಲಿ ಸುಪ್ರೀಂ ಕೋರ್ಟ್ ಇದು ಶಾಸನ ಮಾಡುವಂಥ ಕೆಲಸ ಎಂದಿತು. ಕಾನೂನು ಹೇಳಿದಷ್ಟು ಆಕ್ಷೇಪಣೆಗೆ ಅವಕಾಶ ಕೊಟ್ಟರೆ ಸಾಕು, ಪ್ರತಿಯೊಬ್ಬರನ್ನೂ ಕರೆದು ವಿಚಾರಣೆ ನಡೆಸಬೇಕಿಲ್ಲ ಎಂಬುದು ಅದರ ತಾತ್ಪರ್ಯ.

ಆದ್ದರಿಂದ ಗಡಿಯಂಚಿನ ಊರಿನವರಿಗೆ ಒಂದು ಮಾತು. ನಿಮ್ಮ ಗ್ರಾಮದ ಹೆಸರು ಕರಡು ಅಧಿಸೂಚನೆಯಲ್ಲಿ ಬಂದಿದೆ ಎಂದು ಕೇಳಿದರೆ ಚಹಾ ಅಂಗಡಿಯಲ್ಲಿ ಚರ್ಚೆ ಮಾಡಿ ಬಿಡಬೇಡಿ. ರಾಜ್ಯಪತ್ರದ ಪ್ರತಿ ತರಿಸಿ, ದಿನಾಂಕ ನೋಡಿಕೊಳ್ಳಿ, ನಿಮ್ಮ ಸರ್ವೆ ನಂಬರು ಗೆರೆಯ ಯಾವ ಕಡೆಗಿದೆ ಎಂದು ಹುಡುಕಿ. ಬೇಕೆಂದರೆ ಬೇಕು, ಬೇಡವೆಂದರೆ ಬೇಡ ಎಂದು ಬರೆದು ಕೊಡಿ. ನಿಮ್ಮ ಊರಿನ ಸಾಂದ್ರತೆ ಎಷ್ಟು, ಎಷ್ಟು ಜನ ಬೇಸಾಯದಲ್ಲಿದ್ದಾರೆ ಎಂಬ ಲೆಕ್ಕ ಅದರಲ್ಲಿರಲಿ, ಅಧಿಸೂಚನೆಯಲ್ಲಿ ಹೇಳಿದ ವಿಳಾಸಕ್ಕೆ ಮೂವತ್ತು ದಿನದೊಳಗೆ ಅದು ಸೇರಲಿ. ಸೀಲು ಬಿದ್ದ ಸ್ವೀಕೃತಿ ಕೇಳಿ ಪಡೆಯುವುದನ್ನು ಮಾತ್ರ ಮರೆಯಬೇಡಿ.